ಹೇನಕ್ಕನ ಇಪ್ಪತ್ತು ಕುಂಡ

ಬೆಳಗಿನ ಆರು ಗಂಟೆ. ಕೃಷಿ ಸಂಶೋಧನಾ ಕೇಂದ್ರದ, ಸುತ್ತಲೂ ಬಲೆ ಹೊದಿಸಿದ ಬಲೆಮನೆಯಲ್ಲಿ ಆಕೆ ಕುಂಚದ ತುದಿಯಿಂದ ಎಳೆ ಬೀನ್ಸ್ ಸಸಿಗಳ ಮೇಲೆ ಹೇನು ಬಿಡುತ್ತಿದ್ದಾರೆ. ತಲೆಯ ಹೇನಲ್ಲ, ಗಿಡದ ರಸ ಹೀರುವ, ಎಳ್ಳಿಗಿಂತ ಚಿಕ್ಕ ಕಪ್ಪು ಹೇನು. ಸಸಿಗೆ ಐದರಂತೆ, ಎಂಟು ಗಂಟೆಯೊಳಗೆ ಇನ್ನೂರು ಸಸಿ. ಆಕೆಯ ಕೆಲಸ ನೋಡಲು ಬಂದ ನಾನು ಒಂದನ್ನು ಎತ್ತಲು ಹೋಗಿ ಮೂರನ್ನು ಕೊಂದೆ. ಆಕೆಯ ಕೈಯಲ್ಲಿ ಒಂದೂ ಸಾಯುವುದಿಲ್ಲ.

ಎಲ್ಲರ ಬಾಯಲ್ಲೂ ಆಕೆ ಹೇನಕ್ಕ. ಹುಳಕ್ಕೆ ಬಗ್ಗದ ತಳಿ ಬೇಕೆಂದರೆ ಮೊದಲು ಗಿಡವನ್ನು ಹುಳಕ್ಕೆ ಒಡ್ಡಬೇಕು, ಉಳಿದದ್ದರ ಬೀಜ ಹಿಡಿಯಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. "ಊರೆಲ್ಲ ಹೇನು ಕೊಲ್ತಾರೆ, ನಾನು ಸಾಕ್ತೀನಿ. ಕೆಲಸಕ್ಕೆ ಸೇರಿದ ಮೊದಲ್ನೇ ವರ್ಷ ನಮ್ಮತ್ತೆ ನನ್ನ ಬಾಚಣಿಗೆ ಮುಟ್ಟಲಿಲ್ಲ" ಎಂದು ನಗುತ್ತಾರೆ.

ಎಡವಿದ್ದೂ ಆ ವರ್ಷವೇ. ಸಸಿಗಳು ಮುದುಡುವುದನ್ನು ನೋಡಲಾರದೆ ಒದ್ದೆ ಬಟ್ಟೆಯಿಂದ ಒಂದಿಡೀ ಸಾಲಿನ ಹೇನನ್ನು ಒರೆಸಿಬಿಟ್ಟರು. ಹಂಗಾಮಿನ ಪರೀಕ್ಷೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. "ಕರುಣೆ ಅಂದ್ಕೊಂಡಿದ್ದೆ. ಅದು ಸುಳ್ಳು ಹೇಳಿದ ಹಾಗೆ ಅಂತ ಆಮೇಲೆ ಗೊತ್ತಾಯ್ತು."

ಹನ್ನೊಂದು ವರ್ಷದ ಹಿಂದೆ ಸುತ್ತಲಿನ ಸಸಿಗಳೆಲ್ಲ ಸೊರಗಿದಾಗ ಒಂದು ಕಾಡು ಬೀನ್ಸ್ ಮಾತ್ರ ಹಸಿರಾಗಿ ನಿಂತಿತು. "ಹೇನಕ್ಕ, ಮತ್ತೆ ಒರೆಸಿದ್ರಾ?" ಎಂದರು ವಿಜ್ಞಾನಿ ಮೇಡಂ. ಆಕೆ ವಾದ ಮಾಡಲಿಲ್ಲ. ಅವರೆದುರೇ ಐವತ್ತು ಹೇನು ಬಿಟ್ಟು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಹೇನುಗಳು ಕಾಲು ಕೀಳಲಾರದೆ ಎಲೆಗೇ ಸಿಕ್ಕಿಕೊಂಡಿದ್ದವು. ಆ ಕಾಡು ತಳಿಯ ಎಲೆಯನ್ನು ಇಂದು ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಮೈತುಂಬ ಕೊಕ್ಕೆಯಂಥ ರೋಮ. ಹೇನಕ್ಕ ಅದನ್ನು ಮುಂಗೈಯಲ್ಲಿ ಸವರಿಯೇ ಗುರುತಿಸುತ್ತಾರೆ.

ಆದರೆ ಆ ಕಾಡು ಗಿಡದ ಕಾಯಿ ಬರೀ ನಾರು. ಅದನ್ನು ತಿನ್ನುವ ಬೀನ್ಸ್‌ನೊಂದಿಗೆ ಕೂಡಿಸಿ, ಹುಟ್ಟಿದ್ದನ್ನು ಹೇನಿಗೊಡ್ಡಿ, ಉಳಿದದ್ದನ್ನು ಮತ್ತೆ ಕೂಡಿಸಿ ಹತ್ತು ವರ್ಷ ಕಳೆದಿದೆ. ಮೂಲೆಯ ಇಪ್ಪತ್ತು ಕುಂಡಗಳಲ್ಲಿರುವುದು ಆ ಹೊಸ ತಳಿ. ಅವಕ್ಕೆ ಹೇನು ಬಿಟ್ಟು ಹದಿನೈದು ದಿನ, ಇಂದು ಕೊನೆಯ ಎಣಿಕೆ. ಯಾವ ಗಿಡದಲ್ಲಾದರೂ ಮೂರಕ್ಕಿಂತ ಹೆಚ್ಚು ಹೇನು ಬದುಕಿದ್ದರೆ ತಳಿಯನ್ನು ಕೈಬಿಡಬೇಕು. ಇಲ್ಲವಾದರೆ ಬೀಜ ರೈತರ ಹೊಲಕ್ಕೆ.

ಹತ್ತೊಂಬತ್ತು ಕುಂಡಗಳಲ್ಲಿ ಸೊನ್ನೆ. ಇಪ್ಪತ್ತನೆಯದರಲ್ಲಿ ಆಕೆಯ ಬೆರಳು ನಿಲ್ಲುತ್ತದೆ. ಎಲೆ ಮಗುಚಿ ಎಣಿಸುತ್ತಾರೆ, ಇನ್ನೊಮ್ಮೆ ಎಣಿಸುತ್ತಾರೆ. ಬಲೆಮನೆಯಲ್ಲಿ ನಾವಿಬ್ಬರೇ. ಒದ್ದೆ ಬಟ್ಟೆ ಕೈಗೆಟುಕುವಲ್ಲೇ ಇದೆ. ಆಕೆ ಪಟ್ಟಿಯಲ್ಲಿ ಬರೆಯುತ್ತಾರೆ: ಮೂರು.

ಪಟ್ಟಿ ನೋಡಿದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ಎಲ್ಲಾ ಸೊನ್ನೆ ಇದ್ದಿದ್ರೆ ನಾನೇ ಬಂದು ಇನ್ನೊಂದ್ಸಲ ಎಣಿಸ್ತಿದ್ದೆ. ಈ ಮೂರು ಸಾಕು ಹೇನಕ್ಕ. ಬೀಜ ಹೋಗ್ಲಿ."

ಇನ್ನೇನು ಆಸೆ ಎಂದು ಕೇಳುತ್ತೇನೆ. ಹೇನಕ್ಕ ಕುಂಚ ತೊಳೆಯುತ್ತಾ ಯೋಚಿಸುತ್ತಾರೆ.

"ಇದರ ಒಂದು ಬೀಜ ಮನೆ ಹಿಂದೆ ಹಾಕ್ಬೇಕು. ಇಷ್ಟು ವರ್ಷದಲ್ಲಿ ಒಂದು ಗಿಡಾನೂ ನಾನು ಹೇನು ಬಿಡದೆ ಬೆಳೆಸಿಲ್ಲ ನೋಡಿ."