ಬಾಟಲಿಯ ಸಕ್ಕರೆ

ನಮ್ಮ ಸರ್ ಅವರ ಬಲಗೈ ತೋರುಬೆರಳಿನ ಗೆರೆಗಳಲ್ಲಿ ಸದಾ ಬಿಳಿ ಪುಡಿ ಕೂತಿರುತ್ತಿತ್ತು. ಎಲೆಗೆ ಸುಣ್ಣ ಹಚ್ಚುವ ಚಟವೆಂದು ಹೊಸಬರು ತಿಳಿಯುತ್ತಿದ್ದರು. ಅದು ಎಲೆಕ್ಟ್ರೋಡು ತಿಕ್ಕುವ ಪುಡಿ. ಎಲೆಕ್ಟ್ರೋಡೆಂದರೆ ಪೆನ್ನಿನಂಥ ಕಡ್ಡಿ, ತುದಿಯಲ್ಲಿ ಸಾಸಿವೆಕಾಳಿನಷ್ಟು ಪ್ಲಾಟಿನಂ. ಪ್ರತಿ ಅಳತೆಗೂ ಮುಂಚೆ ಅದನ್ನು ಒದ್ದೆ ಮಖಮಲ್ಲಿನ ಮೇಲಿಟ್ಟು ಸುತ್ತಿಸುತ್ತ ತಿಕ್ಕುತ್ತಿದ್ದರು. ‘ಗಡಬಡ ಮಾಡಬ್ಯಾಡ ತಂಗಿ, ಅದಕ್ಕ ಹೊಲಸ ಸೋಸೂದಿಲ್ಲ, ಒಂಚೂರೂ ತಡಕೊಳ್ಳೂದಿಲ್ಲ’ ಎನ್ನುವರು.

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಅವರ ಪ್ರಯೋಗಾಲಯದ ಸಹಾಯಕಿ. ಐವತ್ತು ದಾಟಿದ ಮೇಲೆ ಡಾಕ್ಟರೇಟಿಗೆ ಕೈಹಾಕಿದ್ದರು. ಅವರ ಪ್ರಶ್ನೆ ಒಂದೇ: ದ್ರಾವಣ ಪಾಕದಂತೆ ಮಂದವಾದಷ್ಟೂ ಎಲೆಕ್ಟ್ರೋಡಿನ ಮೇಲೆ ಎಲೆಕ್ಟ್ರಾನು ದಾಟುವ ವೇಗ ಎಷ್ಟು ತಗ್ಗುತ್ತದೆ? ನನಗೆ ತಲೆಬುಡ ತಿಳಿಯಲಿಲ್ಲ. ನಿಪ್ಪಾಣಿ ಬಸ್ಸಿನ ಉದಾಹರಣೆ ಕೊಟ್ಟರು. ‘ಇಳಿಯೋ ಮನಿಶಾ ಬಾಗಲದಾಗ ತಯಾರ ನಿಂತಿರತಾನ. ಆದ್ರ ಸುತ್ತ ನಿಂತೋರು ಹೊರಳಿ ಜಾಗಾ ಬಿಡಬೇಕಲ್ಲ? ಮಂದ ನೀರಾಗ ಹೊರಳೂದು ತಡಾ ಆಗತೈತಿ. ಅಷ್ಟ.’ ಆಮೇಲೆ ನಾನು ಮರೆಯಲಿಲ್ಲ.

ನೀರನ್ನು ಮಂದ ಮಾಡಲು ಸಕ್ಕರೆ ಬೆರೆಸುತ್ತಿದ್ದೆವು. ಪ್ರಯೋಗಕ್ಕೆಂದೇ ಶುದ್ಧಮಾಡಿದ ಸಕ್ಕರೆ, ಚೀಟಿ ಅಂಟಿಸಿದ ಬಾಟಲಿಯಲ್ಲಿ ಬರುತ್ತಿತ್ತು. ತೂಗುವ ಕೆಲಸ ನನ್ನದು. ಒಮ್ಮೆ ಸರ್ ಪರೀಕ್ಷೆಯ ಕೆಲಸಕ್ಕೆಂದು ಅಥಣಿಗೆ ಹೋಗಿದ್ದಾಗ ಬಾಟಲಿ ಬರಿದಾಯಿತು. ಹೊಸದು ಬರಲು ಹದಿನೈದು ದಿನ ಬೇಕು. ನಾನು ಉಗಾರ ಬುದ್ರುಕದ ಕಬ್ಬಿನ ಮನೆಯವಳು. ಷೇರುದಾರರಿಗೆ ಕಾರ್ಖಾನೆ ಕೊಡುವ ಸಕ್ಕರೆಯ ಚೀಲ ನಮ್ಮ ಅಡುಗೆಮನೆಯಲ್ಲಿ ಯಾವಾಗಲೂ ಇರುತ್ತದೆ. ನಮ್ಮ ಸಕ್ಕರೆಗಿಂತ ಬಿಳಿಯದು ಜಗತ್ತಿನಲ್ಲಿ ಇನ್ನಾವುದಿದೆ? ತಂದು ಅದೇ ಬಾಟಲಿಗೆ ತುಂಬಿದೆ. ಸರ್ ಅವರಿಗೆ ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ, ಮುಂದೆ ಅದೇ ರೂಢಿಯಾಯಿತು.

ಫಲಿತಾಂಶ ಮಾತ್ರ ಎಲ್ಲರೂ ಬೆರಗಾಗುವಷ್ಟು ಚೆನ್ನಾಗಿ ಬಂತು. ಸಕ್ಕರೆ ಹೆಚ್ಚಿದಂತೆ ವೇಗ ಧಡಧಡ ಕುಸಿಯಿತು. ಸರ್ ಅವರ ಲೇಖನ ಅಚ್ಚಾಯಿತು. ಅಂದು ಅವರು ಎಲ್ಲರಿಗೂ ಪೇಢೆ ಹಂಚಿದರು, ಮೊದಲನೆಯದು ನನ್ನ ಕೈಗೆ.

ಬೇರೆ ಊರಿನವರು ಅದೇ ಪ್ರಯೋಗ ಮಾಡಿ, ಅಷ್ಟೊಂದು ಕುಸಿತ ಕಾಣುತ್ತಿಲ್ಲವೆಂದು ಬರೆದರು. ಡಾಕ್ಟರೇಟಿನ ಮಾರ್ಗದರ್ಶಕರು ತಮ್ಮ ಪ್ರಯೋಗಾಲಯದಲ್ಲಿ, ತಮ್ಮ ಎದುರೇ ಮಾಡಿ ತೋರಿಸಲು ಕರೆದರು. ಸರ್ ತಮ್ಮ ಎಲೆಕ್ಟ್ರೋಡನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಅಲ್ಲಿ ಅಲ್ಲಿಯದೇ ಸಕ್ಕರೆ. ಕುಸಿತ ಬರಲಿಲ್ಲ. ಮರಳಿ ಬಂದು ನಮ್ಮಲ್ಲಿ ಮಾಡಿದರೆ ಮತ್ತೆ ಬಂತು. ವರ್ಷವಿಡೀ ಹುಡುಕಿದರು. ಕೊನೆಗೆ ಲೇಖನವನ್ನು ತಾವೇ ಹಿಂದಕ್ಕೆ ಪಡೆದರು, ಡಾಕ್ಟರೇಟನ್ನೂ ಕೈಬಿಟ್ಟರು. ಅಂಕಿಗಳನ್ನು ಮನೆಯಲ್ಲೇ ಕೂತು ಬರೆದಿದ್ದಾರೆಂದು ಸ್ಟಾಫ್ ರೂಮಿನಲ್ಲಿ ಆಡಿಕೊಂಡರು. ಆಮೇಲೆ ಸರ್ ಅಲ್ಲಿಗೆ ಚಹಾಕ್ಕೂ ಹೋಗಲಿಲ್ಲ. ಬೆರಳಿನ ಬಿಳುಪು ಮೆಲ್ಲಗೆ ತೊಳೆದುಹೋಯಿತು.

ಅವರು ನಿವೃತ್ತರಾದ ಮೇಲೆ ಒಂದು ದಿನ, ಕಾರ್ಖಾನೆಯಲ್ಲಿ ಕೆಲಸಮಾಡುವ ನನ್ನ ಮೈದುನ ಊಟಕ್ಕೆ ಕೂತಾಗ ಸಹಜವಾಗಿ ಹೇಳಿದ: ಕಬ್ಬಿನ ಹಾಲಿಗೆ ಗಂಧಕದ ಹೊಗೆ ಹಾಯಿಸಿಯೇ ಸಕ್ಕರೆಯನ್ನು ಬೆಳ್ಳಗೆ ಮಾಡುವುದು, ಅದರ ಅಂಶ ಚೂರುಪಾರು ಉಳಿದೇ ಉಳಿಯುತ್ತದೆ. ತಿನ್ನುವವರಿಗೆ ಏನೂ ಆಗದು. ಆದರೆ ಗಂಧಕ ಪ್ಲಾಟಿನಮ್ಮಿಗೆ ಅಂಟಿಕೊಂಡು ದಾರಿ ಕಟ್ಟುತ್ತದೆಂದು ಸರ್ ಅವರೇ ನನಗೆ ಕಲಿಸಿದ್ದರು. ಸಕ್ಕರೆ ಹೆಚ್ಚು ಹಾಕಿದಷ್ಟೂ ಗಂಧಕ ಹೆಚ್ಚು. ಆ ಕುಸಿತ ಬಂದದ್ದು ನಾನು ತುಂಬಿದ ಸಕ್ಕರೆಯಿಂದ.

ಮರುದಿನವೇ ಅವರ ಮನೆಗೆ ಹೋದೆ. ಹೇಳಲೆಂದೇ ಹೋದೆ. ಅವರು ತಾವೇ ಚಹಾ ಮಾಡಿ ತಂದರು. ನಾನು ಬಾಯಿ ತೆರೆಯುವ ಮುಂಚೆಯೇ, ‘ನಾ ದಡ್ಡ ಅದೇನಿ ತಂಗಿ, ಅಷ್ಟ. ಸುಳ್ಳ ಅಂಕಿ ಮಾತ್ರ ಬರದಿಲ್ಲ’ ಎಂದರು. ಆಗಲಾದರೂ ಹೇಳಬೇಕಿತ್ತು. ಚಹಾ ಕುಡಿದು ಎದ್ದು ಬಂದೆ. ಹೇಡಿ ನಾನು. ನಾಳೆ, ನಾಡಿದ್ದು ಎನ್ನುತ್ತ ಎರಡು ವರ್ಷ ಕಳೆದೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು.

ದುಃಖದಲ್ಲಿದ್ದ ಮನೆಯವರನ್ನು ಮಾತನಾಡಿಸಲು ಹೋದಾಗ ಅವರ ಹೆಂಡತಿ ಒಂದು ನೋಟುಬುಕ್ಕು ತಂದು ನನ್ನ ಮುಂದಿಟ್ಟರು. ಸಾಯುವ ವಾರದವರೆಗೂ ಸರ್ ಅದನ್ನೇ ತಿರುವಿಹಾಕುತ್ತಿದ್ದರಂತೆ. ತಪ್ಪು ಎಲ್ಲಿರಬಹುದೆಂಬ ಪಟ್ಟಿ ಅದರಲ್ಲಿತ್ತು: ಕೋಣೆಯ ಉಷ್ಣತೆ, ನೀರು, ತಂತಿ, ತಿಕ್ಕುವ ಪುಡಿ. ಒಂದೊಂದನ್ನೂ ಹೇಗೆ ಪರೀಕ್ಷಿಸಿದೆ ಎಂದು ಮುಂದೆ ಪುಟಗಟ್ಟಲೆ ಬರೆದಿದ್ದರು. ಸಕ್ಕರೆಯ ಮುಂದೆ ಒಂದೇ ಸಾಲು: ‘ತಂಗಿ ನೋಡಿಕೊಳ್ಳುತ್ತಾಳೆ. ಪರೀಕ್ಷಿಸುವ ಅಗತ್ಯವಿಲ್ಲ.’

‘ಎಲ್ಲಿ ತಪ್ಪಿತು ಅಂತ ನಿನಗರ ಏನರ ತಿಳೀತೇನವಾ?’ ಎಂದು ಅವರ ಹೆಂಡತಿ ಕೇಳಿದರು.

‘ಇಲ್ರಿ ಅಕ್ಕಾರ’ ಎಂದೆ.