ಹನ್ನೊಂದು ತಿಂಗಳ ಕರಾರು

ಬಾಡಿಗೆ ಮನೆಗಳ ಬಗ್ಗೆ ನನಗಿಂತ ಹೆಚ್ಚು ತಿಳಿದವರು ನಮ್ಮ ಸೀಮೆಯಲ್ಲಿ ಕಡಿಮೆ. ಸರ್ಕಾರಿ ದವಾಖಾನೆಯ ನರ್ಸ್ ಆಗಿ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗವಾದ ಕಡೆಯಲ್ಲೆಲ್ಲ ಬೇರೆಯವರ ಮನೆಯಲ್ಲೇ ಇದ್ದೆ. ಮದುವೆಯಾಗದ ಹೆಂಗಸಿಗೆ ಮನೆ ಕೊಡುವ ಮುಂಚೆ ಮಾಲೀಕರು ಕೇಳುವಷ್ಟು ಪ್ರಶ್ನೆಗಳನ್ನು ಪೊಲೀಸರೂ ಕೇಳಲಿಕ್ಕಿಲ್ಲ. ಇಂಡಿಯಲ್ಲಿ ನನ್ನ ಅಣ್ಣ ನೋಡಲು ಬಂದರೆ, ಅಣ್ಣ ಹೌದೋ ಅಲ್ಲವೋ ಎಂದು ಅವನ ಗುರುತಿನ ಚೀಟಿ ತಿರುಗಿಸಿ ನೋಡಿದ್ದರು. ಬಾಗೇವಾಡಿಯ ಮಾಲಕಿ ನಾನು ತುಂಬಿಕೊಳ್ಳುವ ನೀರಿನ ಕೊಡ ಎಣಿಸುತ್ತಿದ್ದಳು. ನನ್ನದೊಂದು ಮನೆಯಾದರೆ ನಾನು ಇಂಥವಳಾಗುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಆಣೆ ಮಾಡಿದ್ದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡನೆಯದು ನನ್ನ ಪಾಲಿಗೆ ಬರದ ಕಾರಣ ಮೊದಲನೆಯದರಲ್ಲೇ ಎರಡರ ಕಷ್ಟವನ್ನೂ ಉಂಡೆ. ನಿವೃತ್ತಿಗೆ ಕೆಲವು ವರ್ಷ ಇದ್ದಾಗ ಸಿಂದಗಿಯಲ್ಲಿ ಜಾಗ ಹುಡುಕತೊಡಗಿದೆ. ದಲಾಲಿಗಳು ಮೊದಲು ತೋರಿಸಿದ್ದು ಯಂಕಂಚಿ ಕಡೆಯ ಹೊಲ. ತೊಗರಿ ಕಿತ್ತ ನೆಲದಲ್ಲೇ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಇದು ನಿಮ್ಮ ಬೆಡ್‌ರೂಮು ಎಂದರು. ಉತಾರ ತೆಗೆಸಿ ನೋಡಿದರೆ ಕಾಗದದಲ್ಲಿ ಅದಿನ್ನೂ ಹೊಲವೇ ಆಗಿತ್ತು. ಆಮೇಲೆ ಊರೊಳಗೇ ಕಾಗದಪತ್ರ ಸರಿ ಇದ್ದ ಚಿಕ್ಕ ಜಾಗ ಕೊಂಡೆ. ನಮ್ಮದು ಎರೆಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿನ ಗೋಡೆಯನ್ನು ಸೀಳುತ್ತದೆ. ಗಟ್ಟಿ ಗರಸು ಸಿಗುವ ತನಕ ಪಾಯ ಅಗೆಯಬೇಕು. ಗೌಂಡಿ "ಸಾಕ್ರಿ ಅಕ್ಕಾರ" ಎಂದಾಗಲೆಲ್ಲ ಇನ್ನೊಂದು ಮೊಳ ಅಗೆಸಿದೆ. ಕೆಳಗೆ ಬಾಡಿಗೆಗೊಂದು ಮನೆ, ಮೇಲೆ ನನಗೊಂದು. ಪಿಂಚಣಿಗೆ ಜೊತೆಯಾಗಲಿ ಎಂದು ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಕೆಳಗೆ ಯಾರಾದರೂ ಇರಲಿ ಎಂಬ ಆಸೆಯೇ ಹೆಚ್ಚಿತ್ತು.

ನಾನು ನಿವೃತ್ತಳಾದ ಮೇಲೆ ಹನ್ನೊಂದು ತಿಂಗಳ ಕರಾರಿಗೆ ಬಂದವರು ಗಂಡ ಹೆಂಡತಿ. ಅವನು ಬೇಳೆ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ, ಮಾತು ಕಡಿಮೆ. ಅವಳು ಮಸೂತಿ ಎಂಬ ಹಳ್ಳಿಯ ಕಡೆಯವಳು, ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು. ಬೆಳಗಾಗುತ್ತಲೇ ಕೆಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾನು ಹಾಸಿಗೆಯಲ್ಲೇ ಇದ್ದು ಎಣಿಸುತ್ತಿದ್ದೆ. ಎರಡು ರೊಟ್ಟಿ ಹೆಚ್ಚಾಯಿತೆಂದರೆ ಒಂದು ನನಗೆ ಬರುತ್ತದೆ ಎಂದು ಗೊತ್ತು. ಇಷ್ಟು ವಯಸ್ಸಾದ ಹೆಂಗಸು ಒಂದು ರೊಟ್ಟಿಗೆ ಕಾಯುವುದು ನಾಚಿಕೆಯ ವಿಷಯ, ಆದರೂ ಕಾಯುತ್ತಿದ್ದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಎಂಟು ತಿಂಗಳು ಕಳೆಯುವುದರೊಳಗೆ ನನಗೂ ಮಾಲಕಿಯ ಬುದ್ಧಿ ಬಂತು. ಅವಳು ಗೋಡೆಗೆ ಮೊಳೆ ಹೊಡೆದರೆ ನನ್ನ ಎದೆಗೇ ಹೊಡೆದಂತಾಗುತ್ತಿತ್ತು. ಅವಳ ತವರಿನವರು ಬಂದು ನಾಲ್ಕು ದಿನ ನಿಂತರೆ, ಮೇಲಿನಿಂದ ಟಾಕಿಯ ನೀರು ಇಣುಕಿ ನೋಡುತ್ತಿದ್ದೆ. ಅಷ್ಟರಲ್ಲಿ ಕರಾರು ಪತ್ರ ಬರೆದುಕೊಟ್ಟವರು ಬಜಾರಿನಲ್ಲಿ ಸಿಕ್ಕರು. ಅವರು ಈ ವಿಷಯದಲ್ಲಿ ಊರಿಗೇ ದೊಡ್ಡ ಪಂಡಿತರು.

"ಹನ್ನೊಂದು ತಿಂಗಳಾತಂದ್ರ ಎಬ್ಬಸ್ರಿ," ಎಂದರು. "ಎಷ್ಟs ಚಲೋ ಮಂದಿ ಇರ್ಲಿ, ಎಬ್ಬಸ್ರಿ. ಒಮ್ಮಿ ಬೇರು ಬಿಟ್ರಂದ್ರ ಕಿತ್ತಾಕ ಆಗಂಗಿಲ್ಲ. ನೀವು ಒಬ್ರs ಇರೋ ಹೆಣಮಗಳು. ನಾಳಿ ಮನಿ ನಮ್ದs ಅಂದ್ರ ಯಾರ್ನ ಕರಿತೀರಿ?"

ಆ ಕೊನೆಯ ಪ್ರಶ್ನೆಯೇ ನನ್ನನ್ನು ಹೆದರಿಸಿತು. ಹತ್ತನೇ ತಿಂಗಳು ಕೆಳಗಿಳಿದು ಹೋಗಿ, ಕರಾರು ಮುಗಿಯುತ್ತಲೇ ಮನೆ ಬಿಡಬೇಕು ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು. ಯಾಕೆ ಎಂದು ಕೇಳಲಿಲ್ಲ. "ಆಗ್ಲಿ ತಗೋರಿ ಅಕ್ಕಾರ," ಎಂದಳು, ಅಷ್ಟೇ. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನದಿಂದ ನನಗೆ ಪಶ್ಚಾತ್ತಾಪ ಹಿಡಿಯಿತು. ಇರಿ ಎಂದುಬಿಡೋಣ ಎಂದು ಎಷ್ಟು ಸಲ ಮೆಟ್ಟಿಲಿಳಿದೆನೋ ಲೆಕ್ಕವಿಲ್ಲ. ಕೆಳಗೆ ಹೋದ ಮೇಲೆ ಮೋಟಾರು ಬಂದ್ ಮಾಡಿದ್ದೀಯಾ, ಕಸದ ಗಾಡಿ ಬಂತಾ ಎಂದು ಏನೋ ಒಂದು ಕೇಳಿ ಹತ್ತಿ ಬರುತ್ತಿದ್ದೆ. ಆಡಿದ ಮಾತನ್ನು ಹಿಂದೆ ತೆಗೆದುಕೊಂಡರೆ ಮಾಲಕಿಯ ಮಾತಿಗೆ ಏನು ಬೆಲೆ ಎಂಬ ಹಾಳು ಹಮ್ಮು ಬೇರೆ. ಅವರು ಬಸ್ ಸ್ಟ್ಯಾಂಡಿನ ಆಚೆ ಮನೆ ನೋಡಿ ಮುಂಗಡ ಕೊಟ್ಟು ಬಂದರು. ಆಗ ನಾನು ಪಂಚಾಂಗ ಹಿಡಿದೆ. ಹೆರಿಗೆ ವಾರ್ಡಿನಲ್ಲಿ ದುಡಿದವಳಿಗೆ ಅಮಾವಾಸ್ಯೆ ಹುಣ್ಣಿಮೆ ಎಂದೂ ಅಡ್ಡ ಬಂದಿರಲಿಲ್ಲ. ಈಗ ಮಾತ್ರ "ಶನಿವಾರ ಮನಿ ಬಿಡಬಾರ್ದವಾ," ಎಂದೆ. ಆಮೇಲೆ "ಅಮಾಸಿ ಮುಗೀಲಿ," ಎಂದೆ. ಅವಳು ನನ್ನ ಮುಖ ನೋಡಿ, ಅಮಾವಾಸ್ಯೆ ಮುಗಿಯುವ ತನಕ ಇದ್ದಳು. ಅದರ ಮುಂದೆ ನನ್ನ ಪಂಚಾಂಗದಲ್ಲಿ ಏನೂ ಉಳಿದಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಟೆಂಪೋ ಬಂತು. ಸಾಮಾನು ಏರಿದವು. ಗಂಡ ಮುಂದೆ ಹೋಗಿ ಕುಳಿತ. ಅವಳು ಖಾಲಿ ಮನೆಯನ್ನು ಗುಡಿಸಿ, ಕೈಕಾಲು ತೊಳೆದು ಮೇಲೆ ಬಂದಳು. ಬೀಗದ ಕೈ ಕೊಡಲು ಬಂದಳೆಂದು ಕೈಚಾಚಿದೆ. ಅವಳು ಸೆರಗು ಮುಂದೆ ಚಾಚಿದಳು.

"ಉಡಿ ತುಂಬ್ರಿ ಅಕ್ಕಾರ. ಖಾಲಿ ಉಡೀಲೆ ಮನಿ ಬಿಟ್ಟು ಹೋಗಬಾರ್ದು."

ನಮ್ಮಲ್ಲಿ ಮನೆಯಿಂದ ಹೊರಡುವ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಕಳಿಸುತ್ತಾರೆ. ಹಾಕುವವಳೂ ಮುತ್ತೈದೆಯೇ ಆಗಿರಬೇಕು. ನಾನು ಮೂರು ಊರುಗಳಲ್ಲಿ ಎಷ್ಟೋ ಮನೆ ಬಿಟ್ಟಿದ್ದೇನೆ; ಯಾರೂ ನನ್ನ ಸೆರಗಿಗೆ ಒಂದು ಕಾಳು ಹಾಕಲಿಲ್ಲ, ನಾನೂ ಯಾರ ಸೆರಗಿಗೂ ಹಾಕಿದವಳಲ್ಲ.

"ನಾ ತುಂಬಬಾರ್ದವಾ. ಮಗ್ಗಲ ಮನಿಯಾಕೀನ್ನ ಕರಿತೇನಿ ತಡಿ," ಎಂದೆ.

"ಆಕೀದೇನ್ರಿ ಇಲ್ಲಿ? ಮನಿ ನಿಮ್ದು. ನೀವs ತುಂಬ್ರಿ."

ಒಳಗೆ ಹೋದೆ. ನಿವೃತ್ತಿಯ ದಿನ ಯಾರೋ ಕೊಟ್ಟ ಕಣ ಟ್ರಂಕಿನಲ್ಲಿತ್ತು. ಅಕ್ಕಿ ಇತ್ತು, ಒಂದು ಕೊಬ್ಬರಿ ಬಟ್ಟಲು ಸಿಕ್ಕಿತು. ಒಂದು ಬೊಗಸೆ ಹಾಕಿದೆ, ಎರಡು ಹಾಕಿದೆ, ಶಾಸ್ತ್ರದ ಐದೂ ಹಾಕಿದೆ. ಅವಳು ಸೆರಗು ಕಟ್ಟಿಕೊಂಡು ನನ್ನ ಕಾಲಿಗೆ ಬಾಗಿದಳು. ಅವಳು ಏಳುವಾಗ, ಇಡೀ ತಿಂಗಳು ಗಂಟಲಲ್ಲೇ ಇದ್ದ ಮಾತು ಹೊರಬಿತ್ತು.

"ಹೋಗಬ್ಯಾಡವಾ. ಇಲ್ಲೇ ಇರ್ರಿ. ನನಗ ಒಬ್ಬಾಕಿಗೇ ಇರಾಕ ಆಗಂಗಿಲ್ಲ."

ಅವಳು ಅಲ್ಲೇ ನಿಂತಳು. ಕಣ್ಣು ತುಂಬಿದ್ದವು, ನನ್ನವೂ ಅವಳವೂ.

"ಉಡಿ ತುಂಬೂಕಿಂತ ಮೊದ್ಲ ಅಂದಿದ್ರ, ಮುಂಗಡ ಹೋದ್ರ ಹೋಗ್ಲಿ ಅಂತ ಟೆಂಪೋದಾಗಿನ ಸಾಮಾನ ಇಳಸ್ತಿದ್ನಿರಿ," ಎಂದಳು. "ಈಗ ತುಂಬೀರಿ. ತುಂಬಿದ ಉಡೀಲೆ ಹೊಳ್ಳಿ ಬರಬಾರ್ದು, ಹಿಂದ ತಿರಗಿ ನೋಡಬಾರ್ದು, ಅಕ್ಕಾರ."

ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಮೆಟ್ಟಿಲಿಳಿದಳು. ನಾನು ಮಾಳಿಗೆಯ ಕಟಕಟೆ ಹಿಡಿದು ಮೇಲೆಯೇ ನಿಂತಿದ್ದೆ. ಟೆಂಪೋ ತಿರುವು ದಾಟುವ ತನಕ ಅವಳು ಒಮ್ಮೆಯೂ ಈ ಕಡೆ ನೋಡಲಿಲ್ಲ.