ಮುಚ್ಚಿಹೋದ ಹೋಟೆಲಿಗೆ ನಾಲ್ಕು ಸ್ಟಾರ್

ಗೆಳೆಯರೇ, ಇವತ್ತು ಬೆಳಿಗ್ಗೆ ಸಿಂಗಾಪುರದ ಬೆಡೋಕ್‌ನ ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಒಂದು ಫೋನಿನ ಜೊತೆ ಜಗಳವಾಡಿದೆ.

ಪಕ್ಕದ ಬ್ಲಾಕಿನ ಅನಘಾ ಆಫೀಸ್ ಕೆಲಸದ ಮೇಲೆ ಬ್ರೆಜಿಲ್‌ನ ರಿಯೊಗೆ ಹೊರಟಿದ್ದಾಳೆ. "ಅಂಕಲ್, ನಾನು ಪ್ಯೂರ್ ವೆಜ್. ಅಲ್ಲಿ ಎಲ್ಲಿ ಊಟ ಮಾಡ್ಲಿ?" ಎಂದಳು. ಕೋಪಕಬಾನಾ ಕಡಲತೀರದ ಹಿಂದಿನ ಬೀದಿಯ ಪುಟ್ಟ ಹೋಟೆಲೊಂದರ ಹೆಸರು ಹೇಳಿದೆ. ಒಂಬತ್ತು ವರ್ಷದ ಹಿಂದೆ ನಾನೂ ನನ್ನ ಹೆಂಡತಿ ಸುಮಿತ್ರಾಳೂ ಹತ್ತು ದಿನ ಅಲ್ಲೇ ಉಂಡಿದ್ದೆವು.

ಅನಘಾ ಫೋನ್ ನೋಡಿದಳು. "ಅಂಕಲ್, ಪರ್ಮನೆಂಟ್ಲಿ ಕ್ಲೋಸ್ಡ್ ಅಂತಿದೆ."

"ನಿನ್ನ ಫೋನಿಗೇನು ಗೊತ್ತಮ್ಮಾ? ಅಂಥ ಅಡುಗೆ ಮಾಡೋರು ಬಾಗಿಲು ಹಾಕ್ತಾರಾ? ಈ ಊರಲ್ಲೂ ಅಷ್ಟೇ, ಚೆನ್ನಾಗಿದ್ದದ್ದನ್ನೆಲ್ಲ..." ನನ್ನ ಭಾಷಣ ಶುರುವಾಯಿತು.

"ಒಂದ್ನಿಮಿಷ ಅಂಕಲ್. ಇಲ್ಲೊಂದು ರಿವ್ಯೂ ಕನ್ನಡದಲ್ಲಿದೆ. ಸುಮಿತ್ರಾ ಆಂಟಿದು!"

ಸುಮಿತ್ರಾ ತೀರಿಕೊಂಡು ಎರಡು ವರ್ಷವಾಯಿತು. ಅವಳು ಹೀಗೆಲ್ಲ ಬರೆಯುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಅನಘಾ ಓದಿದಳು: "ಮನೆ ಊಟದ ಹಾಗಿದೆ. ನನಗಾಗಿ ಮಾಂಸ ಹಾಕದೆ ಬೇರೆ ಪಾತ್ರೆಯಲ್ಲಿ ಕಾಳು ಬೇಯಿಸಿದರು. ಆದರೆ ನಮ್ಮ ಯಜಮಾನರು ಪಕ್ಕದ ಮೇಜಿನವರ ಜೊತೆ ವಾದಕ್ಕೆ ಕೂತರು, ಬಡಿಸಿದ್ದೆಲ್ಲ ಆರಿಹೋಯಿತು. ಅದಕ್ಕೆ ಒಂದು ಸ್ಟಾರ್ ಕಮ್ಮಿ."

ಅನಘಾ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಫೋನನ್ನು ನನ್ನತ್ತ ತಿರುಗಿಸಿದಳು. "ಇದನ್ನ ನಿಮಗೆ ಕಳಿಸ್ಲಾ ಅಂಕಲ್?"

ತಲೆಯಾಡಿಸಿದೆ. ಹೋಟೆಲ್ ಮುಚ್ಚಿದೆ ಎಂಬುದನ್ನೂ ಒಪ್ಪಿಕೊಂಡೆ. ಎದುರಿಗಿದ್ದ ಚಹಾ ಎಂದಿನಂತೆ ಆರಿಹೋಗಿತ್ತು. ಒಂದು ಸ್ಟಾರ್ ಕಡಿಮೆ ಮಾಡಲು ಮಾತ್ರ ಯಾರೂ ಇರಲಿಲ್ಲ.